ಒದ್ದೆ ಕೈಗೂ ಒಗ್ಗೋ ಆ್ಯಪ್: ಮೊಬೈಲ್ ಡಿಸೈನಿಗೆ ಯೂಸಬಿಲಿಟಿ ಹಚ್ಚೋದು ಹೇಗೆ, ಹಂತ ಹಂತವಾಗಿ

ಶಿವಮೊಗ್ಗ ಕಡೆ ಈಗ ಆ್ಯಪ್ ಮಾಡೋ ಹುಡುಗ್ರಿಗೆ ಬರ ಇಲ್ಲ. ಫೈನಲ್ ಇಯರ್ ಪ್ರಾಜೆಕ್ಟು, ಸಣ್ಣ ಸ್ಟಾರ್ಟಪ್ಪು, ಯಾವುದೋ ಸೊಸೈಟಿಗೆ ಮಾಡ್ಕೊಟ್ಟಿದ್ದು, ಹೀಗೆ ಏನೇ ತಗೊಳ್ಳಿ ಅದ್ರಲ್ಲಿ ಅಡಿಕೆ, ತೋಟ, ಕೂಲಿ ಲೆಕ್ಕ ಎಲ್ಲಾದ್ರೂ ಒಂದು ಕಡೆ ಬಂದೇ ಬರತ್ತೆ. ಲ್ಯಾಬಲ್ಲಿ ವೈಫೈ ಹಾಕ್ಕೊಂಡು ಡೆಮೊ ಕೊಟ್ರೆ ಚಂದ ಓಡತ್ತೆ, ಅದೇ ಆ್ಯಪನ್ನ ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೇಲಿ ಯಾರದೋ ಮನೆ ಜಗಲೀಲಿ ತೆಗೆದ್ರೆ ಗಿರಗಿರ ತಿರುಗೋ ಚಕ್ರ ಬಿಟ್ರೆ ಏನೂ ಕಾಣಲ್ಲ. ಕೋಡಲ್ಲಿ ತಪ್ಪು ಹುಡುಕಿದ್ರೆ ಸಿಗಲ್ಲ. ಯಾರು, ಎಲ್ಲಿ ಕೂತು, ಯಾವ ಕೈಲಿ ಹಿಡ್ಕೊಂಡು ಬಳಸ್ತಾರೆ ಅಂತ ಡಿಸೈನ್ ಮಾಡೋವಾಗ ಯಾರೂ ಕೇಳಿರಲ್ಲ, ಅಷ್ಟೇ.

ಯೂಸಬಿಲಿಟಿಗೆ, ಅಂದ್ರೆ ಬಳಸೋರಿಗೆ ಎಷ್ಟು ಒಗ್ಗತ್ತೆ ಅನ್ನೋದಕ್ಕೆ, ಐಎಸ್ಒ 9241-11 ಅಂತ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡೇ ಇದೆ, 1998ರಲ್ಲಿ ಬಂದಿದ್ದು, 2018ರಲ್ಲಿ ತಿದ್ದಿದ್ರು. ಅದ್ರ ಸಾರ ಇಷ್ಟೇ: ಇಂಥ ಜನ, ಇಂಥ ಕೆಲಸ, ಇಂಥ ಪರಿಸ್ಥಿತಿ ಅಂತ ಮೊದ್ಲು ಹೇಳ್ಬೇಕು, ಆಮೇಲೆ ಮೂರು ಪ್ರಶ್ನೆ ಕೇಳ್ಬೇಕು, ಕೆಲಸ ಆಯ್ತಾ, ಎಷ್ಟು ಹೊತ್ತಲ್ಲಿ ಎಷ್ಟು ಶ್ರಮದಲ್ಲಿ ಆಯ್ತು, ಮಾಡ್ದೋರಿಗೆ ಸಮಾಧಾನ ಆಯ್ತಾ. ಜನ ಯಾರು ಅಂತ ಹೇಳ್ದೆ ‘ನಮ್ಮ ಆ್ಯಪ್ ಯೂಸರ್ ಫ್ರೆಂಡ್ಲಿ’ ಅಂದ್ರೆ ಅದಕ್ಕೆ ಅರ್ಥಾನೇ ಇಲ್ಲ. ಇನ್ನು ಯೇಕಬ್ ನೀಲ್ಸನ್ ಅನ್ನೋ ಯೂಸಬಿಲಿಟಿ ತಜ್ಞರು 1994ರಲ್ಲಿ ಪಟ್ಟಿ ಮಾಡಿದ ಹತ್ತು ತತ್ವ ಎಲ್ಲಾ ಡಿಸೈನ್ ಕೋರ್ಸಲ್ಲೂ ಬಾಯಿಪಾಠ ಮಾಡಿಸ್ತಾರೆ. ಆ ಪಟ್ಟೀನ ಗೋಡೆಗೆ ಅಂಟಿಸ್ಕೊಂಡ್ರೆ ಏನೂ ಆಗಲ್ಲ, ನಿಮ್ಮ ಆ್ಯಪಿನ ಯಾವ ಬಟನ್ನಿಗೆ ಯಾವ ತತ್ವ ತಾಗತ್ತೆ ಅಂತ ಗೊತ್ತಾಗ್ಬೇಕಂದ್ರೆ ಮೊದ್ಲು ಜಾಗ ನೋಡ್ಬೇಕು.

ಅದಕ್ಕೆ ಇಲ್ಲಿ ಒಂದೇ ಒಂದು ಉದಾಹರಣೆ ಹಿಡ್ಕೊಂಡು ಕೊನೇ ತನಕ ಹೋಗೋಣ: ಅಡಿಕೆ ಸುಲಿತದ ಲೆಕ್ಕ ಇಡೋ ಆ್ಯಪ್. ಕೊಯ್ಲಿನ ಟೈಮಲ್ಲಿ ಸಂಜೆ ಮೇಲೆ ಮನೇಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲೀತಾರೆ, ಕೊನೇಲಿ ತೂಗಿ ಯಾರದ್ದು ಎಷ್ಟು ಅಂತ ಬರ್ಕೋಬೇಕು, ವಾರಕ್ಕೋ ಹದಿನೈದು ದಿನಕ್ಕೋ ದುಡ್ಡು ಕೊಡ್ಬೇಕು. ಸಣ್ಣ ಕೆಲಸ ಅನ್ಸತ್ತೆ. ಆದ್ರೆ ಯೂಸಬಿಲಿಟಿಯ ಎಲ್ಲಾ ಕಷ್ಟಗಳೂ ಇದ್ರೊಳಗೇ ಇವೆ.

ಹಂತ 1: ಕೆಲಸ ನಡೆಯೋ ಜಾಗಕ್ಕೆ ಹೋಗಿ, ನಡೆಯೋ ಹೊತ್ತಲ್ಲೇ ಹೋಗಿ

ಮಧ್ಯಾಹ್ನ ಹೋಗಿ ಯಜಮಾನ್ರ ಹತ್ರ ‘ನಿಮಗೆ ಆ್ಯಪಲ್ಲಿ ಏನೇನು ಬೇಕು’ ಅಂತ ಕೇಳಿದ್ರೆ ಕಾಫಿ ಜೊತೆ ಹದಿನೈದು ಫೀಚರ್ ಹೇಳ್ತಾರೆ, ಅಡಿಕೆ ಧಾರಣೆ ಬೇಕು, ಮಳೆ ಮುನ್ಸೂಚನೆ ಬೇಕು, ಬೋರ್ಡೋ ಮಿಶ್ರಣ ಹೊಡೆಯೋ ದಿನ ನೆನಪು ಮಾಡ್ಬೇಕು, ಹೀಗೆ. ಅದೆಲ್ಲ ಸುಳ್ಳು ಅಂತಲ್ಲ, ಆದ್ರೆ ಕೇಳಿದ್ದಕ್ಕೆ ಹೇಳಿದ್ದು ಅದು. ರಾತ್ರಿ ಎಂಟು ಗಂಟೆಗೆ ಹೋಗಿ ಸುಮ್ನೆ ಒಂದು ಮೂಲೇಲಿ ಕೂತ್ಕೊಳ್ಳಿ. ಲೆಕ್ಕ ಬರೆಯೋದು ಯಜಮಾನ್ರಲ್ಲ, ಮನೆ ಸೊಸೆ ಅಂತ ಅಲ್ಲಿ ಗೊತ್ತಾಗತ್ತೆ. ಅವ್ರೂ ಸುಲೀತಾ ಕೂತಿರ್ತಾರೆ, ಕೈಯೆಲ್ಲ ಅಡಿಕೆ ಕರೆ, ಒದ್ದೆ, ಒಂದು ಕೈ ತಕ್ಕಡಿ ಮೇಲೆ, ಪಕ್ಕದಲ್ಲಿ ಮಗು. ಲೈಟು ಒಂದೇ ಬಲ್ಬು, ಅದೂ ಬೆನ್ನ ಹಿಂದೆ. ಕರೆಂಟು ಹೋದ್ರೆ ಮೊಬೈಲ್ ಟಾರ್ಚೇ ಗತಿ, ಅಂದ್ರೆ ಲೆಕ್ಕ ಬರೆಯೋ ಫೋನೇ ದೀಪಾನೂ ಆಗತ್ತೆ.

ಬರ್ಕೋಬೇಕಾದ್ದು ಇಷ್ಟು: ಫೋನ್ ಯಾರದ್ದು (ಎಷ್ಟೋ ಮನೇಲಿ ಮಗನ ಹಳೇ ಫೋನು), ಯಾವ ಕೈಲಿ ಹಿಡೀತಾರೆ, ಬೆಳಕು ಎಲ್ಲಿಂದ, ಸಿಗ್ನಲ್ ಮನೆ ಒಳಗೆ ಸಿಗತ್ತಾ ಅಥವಾ ಗುಡ್ಡದ ತಲೆಗೆ ಹೋಗ್ಬೇಕಾ, ಮಧ್ಯ ಮಧ್ಯ ಯಾರು ಕರೀತಾರೆ, ಈಗ ಲೆಕ್ಕ ಎಲ್ಲಿ ಬರೀತಾರೆ. ಆ ಕೊನೇ ಪ್ರಶ್ನೆ ಮುಖ್ಯ. ಒಂದು ನೋಟ್‌ಬುಕ್ ಇರತ್ತೆ, ಅದಕ್ಕೊಂದು ಪೆನ್ನು ದಾರದಲ್ಲಿ ಕಟ್ಟಿರತ್ತೆ. ಕೇಳ್ಕೊಂಡು ಅದ್ರ ಎರಡು ಪುಟದ ಫೋಟೋ ತಗೊಳ್ಳಿ. ಯಾವ ಕಾಲಮ್ಮು ಮೊದ್ಲು ಬರತ್ತೆ, ಏನನ್ನ ಹೊಡೆದು ತಿದ್ದಿದ್ದಾರೆ, ಅಡ್ವಾನ್ಸ್ ಕೊಟ್ಟಿದ್ದನ್ನ ಎಲ್ಲಿ ಬರೆದಿದ್ದಾರೆ ಅಂತ ನೋಡಿ. ನಿಮ್ಮ ಆ್ಯಪಿಗೆ ಪೈಪೋಟಿ ಇರೋದು ಇನ್ನೊಂದು ಆ್ಯಪ್ ಜೊತೆ ಅಲ್ಲ ಮಾರಾಯ್ರೆ, ಈ ನೋಟ್‌ಬುಕ್ ಜೊತೆ. ಅದಕ್ಕೆ ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ, ಒದ್ದೆ ಕೈಲೂ ಬರೆಯಬಹುದು.

ಹಂತ 2: ಒಂದು ಕೆಲಸ ಆರಿಸಿ, ಒತ್ತೋದನ್ನ ಎಣಿಸಿ

ಎಲ್ಲಾ ಫೀಚರ್ ಒಟ್ಟಿಗೆ ಹಾಕೋ ಆಸೆ ಬಿಡಿ. ನಮ್ಮ ಉದಾಹರಣೇಲಿ ದಿನಕ್ಕೆ ಹತ್ತು ಹನ್ನೆರಡು ಸಲ ನಡೆಯೋ ಕೆಲಸ ಒಂದೇ: ಹೆಸರು ಆರಿಸು, ತೂಕ ಹಾಕು, ಸೇವ್ ಮಾಡು. ಆ್ಯಪ್ ತೆಗೆದ ಕೂಡ್ಲೇ ಈ ಸ್ಕ್ರೀನೇ ಬರ್ಬೇಕು. ಡ್ಯಾಶ್‌ಬೋರ್ಡು, ಗ್ರಾಫು, ‘ಸ್ವಾಗತ’ ಅನ್ನೋ ಬ್ಯಾನರ್ರು ಎಲ್ಲಾ ಆಮೇಲೆ.

ಈಗ ಕಾಗದದ ಮೇಲೆ ಬರೀರಿ, ಒಂದು ಎಂಟ್ರಿಗೆ ಎಷ್ಟು ಸಲ ಒತ್ತಬೇಕು ಅಂತ. ತಾರೀಕು ಕೇಳ್ತಿದ್ದೀರಾ? ತೊಂಬತ್ತು ಭಾಗ ಅದು ಇವತ್ತಿಂದೇ, ತಾನಾಗೇ ತುಂಬಿರ್ಲಿ, ಬೇರೆ ದಿನ ಬೇಕಾದ್ರೆ ಒತ್ತಿ ಬದಲಾಯಿಸ್ಲಿ. ರೇಟು? ನಿನ್ನೆದ್ದೇ ಇವತ್ತೂ. ಹೆಸರು ಟೈಪ್ ಮಾಡ್ಸೋದಂತೂ ಬೇಡವೇ ಬೇಡ, ನಿನ್ನೆ ಬಂದೋರ ಹೆಸರು ನಿನ್ನೆಯ ಕ್ರಮದಲ್ಲೇ ಮೇಲೆ ಬರ್ಲಿ. ನೀಲ್ಸನ್ ಪಟ್ಟೀಲಿ ‘ನೆನಪು ಮಾಡ್ಕೊಳ್ಳೋದಕ್ಕಿಂತ ಗುರುತು ಹಿಡಿಯೋದು ಸುಲಭ’ ಅನ್ನೋ ಅರ್ಥದ ಒಂದು ತತ್ವ ಇದೆಯಲ್ಲ, ಅದು ಇದೇ. ಕೆಲವು ಮನೇಲಿ ಕೆಜಿ ಲೆಕ್ಕ, ಕೆಲವು ಮನೇಲಿ ಡಬ್ಬದ ಲೆಕ್ಕ, ಅದನ್ನ ಪ್ರತೀ ಎಂಟ್ರೀಲೂ ಕೇಳ್ಬೇಡಿ, ಮೊದಲ ದಿನ ಒಂದು ಸಲ ಕೇಳಿ ಮುಗಿಸಿ.

ಆಯ್ಕೆ ಜಾಸ್ತಿ ಆದಷ್ಟೂ ತೀರ್ಮಾನಕ್ಕೆ ಹೊತ್ತು ಜಾಸ್ತಿ ಅಂತ 1952ರಲ್ಲೇ ಹಿಕ್ ಅನ್ನೋರು ತೋರಿಸಿದ್ರು, ಡಿಸೈನರ್‌ಗಳು ಅದನ್ನ ಹಿಕ್ಸ್ ಲಾ ಅಂತಾರೆ. ಇದ್ರ ಜೊತೇಲೇ ‘ಮೆನೂನಲ್ಲಿ ಏಳಕ್ಕಿಂತ ಜಾಸ್ತಿ ಇರಬಾರ್ದು’ ಅಂತ ಒಂದು ಮಾತು ಎಲ್ಲಾ ಕಡೆ ಓಡಾಡ್ತಿದೆ, ಅದನ್ನ ನಂಬ್ಬೇಡಿ. 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದಿದ್ದು ನೆನಪಲ್ಲಿ ಇಟ್ಕೊಳ್ಳೋ ಮಿತಿ ಬಗ್ಗೆ, ಕಣ್ಣ ಮುಂದೆ ಇರೋ ಪಟ್ಟಿ ಬಗ್ಗೆ ಅಲ್ಲ. ಹದಿನಾಲ್ಕು ಜನರ ಹೆಸರು ಪಟ್ಟೀಲಿ ಇದ್ರೆ ಯಾರಿಗೂ ಕಷ್ಟ ಆಗಲ್ಲ.

ಹಂತ 3: ಮೊದ್ಲು ಪೆನ್ಸಿಲ್ಲು

ಫಿಗ್ಮಾ ಥರದ ಡಿಸೈನ್ ಸಾಫ್ಟ್‌ವೇರ್ ಆಮೇಲೆ. ಫೋನನ್ನ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೀರಿ, ಆ ಅಳತೇಲೇ ಸ್ಕ್ರೀನ್ ಬರೀರಿ. ನಿಜವಾದ ಅಳತೆ ಆದ್ರಿಂದ ಎಷ್ಟು ಹಿಡಿಯತ್ತೆ, ಎಷ್ಟು ಹಿಡಿಯಲ್ಲ ಅಂತ ತಕ್ಷಣ ಗೊತ್ತಾಗತ್ತೆ, ಲ್ಯಾಪ್‌ಟಾಪಲ್ಲಿ ಜೂಮ್ ಮಾಡಿ ನೋಡೋವಾಗ ಎಲ್ಲಾನೂ ವಿಶಾಲವಾಗೇ ಕಾಣತ್ತೆ. ನಾಕೈದು ಸ್ಕ್ರೀನ್ ಬರೆದು ಅದೇ ಕಾಗದ ಮನೇಲಿ ಯಾರಿಗಾದ್ರೂ ಕೊಟ್ಟು ‘ತೂಕ ಹಾಕ್ಬೇಕಂದ್ರೆ ಎಲ್ಲಿ ಒತ್ತುತೀರಿ’ ಅಂತ ಬೆರಳಿಡೋಕೆ ಹೇಳಿ. ಇಲ್ಲಿ ಕಂಡ ತೊಂದ್ರೆ ತಿದ್ದೋಕೆ ರಬ್ಬರ್ ಸಾಕು.

ಹಂತ 4: ಬೆರಳಿಗೆ ತಕ್ಕ ಅಳತೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರೆ ಮಲೆನಾಡಲ್ಲಿ ಹೆಚ್ಚಿನ ಆ್ಯಪ್ ಸೋಲೋದು ಬೆರಳಲ್ಲೇ.

ಗುರಿ ದೊಡ್ಡದಾಗಿ, ಹತ್ರ ಇದ್ದಷ್ಟೂ ಬೇಗ ಮುಟ್ಟಬಹುದು ಅನ್ನೋದು ಪಾಲ್ ಫಿಟ್ಸ್ 1954ರಲ್ಲಿ ಲೆಕ್ಕ ಹಾಕಿ ತೋರಿಸಿದ ನಿಯಮ. ಅದನ್ನ ಇವತ್ತಿನ ಫೋನಿಗೆ ಇಳಿಸಿದ್ರೆ ಆ್ಯಂಡ್ರಾಯ್ಡಲ್ಲಿ ಒತ್ತೋ ಜಾಗ ಕನಿಷ್ಠ 48 ಡಿಪಿ ಅಗಲ, 48 ಡಿಪಿ ಎತ್ತರ, ಅಂದ್ರೆ ಸುಮಾರು 9 ಮಿಲಿಮೀಟರ್, ಅಂತ ಗೂಗಲ್ ಹೇಳತ್ತೆ. ಡಿಪಿ ಅಂದ್ರೆ ಯಾವ ಪರದೇಲೂ ಹೆಚ್ಚುಕಮ್ಮಿ ಅಷ್ಟೇ ಗಾತ್ರ ಕಾಣೋ ಅಳತೆ. ಆ್ಯಪಲ್ ಹೇಳೋದು 44 ಪಾಯಿಂಟ್, ಅದೂ ಅಂಥದ್ದೇ ಅಳತೆ. ಎಲ್ಲರಿಗೂ ಬಳಸೋಕೆ ಆಗ್ಬೇಕು ಅಂತ ವೆಬ್ಬಿನವರು ಮಾಡಿದ ಡಬ್ಲ್ಯುಸಿಎಜಿ 2.2 ಅನ್ನೋ ಮಾನದಂಡ 2023ರಲ್ಲಿ ಬಂತು, ಅದ್ರಲ್ಲಿ ಕನಿಷ್ಠ 24 ಪಿಕ್ಸೆಲ್ ಅಂತಿದೆ, ಆದ್ರೆ ಅದು ತೀರಾ ಕೆಳಗಿನ ಗೆರೆ, ನಮ್ಮ ಕೆಲಸಕ್ಕೆ ಸಾಲಲ್ಲ. ಗದ್ದೆ ತೋಟದಲ್ಲಿ ದುಡಿದ ಬೆರಳು, ಅದೂ ಒದ್ದೆ ಅಂದ್ರೆ ನಾನು ಮುಖ್ಯ ಬಟನ್ನನ್ನ 56 ರಿಂದ 64 ಡಿಪಿ ಮಾಡಿ, ಎರಡು ಬಟನ್ ಮಧ್ಯ ಕನಿಷ್ಠ 8 ಡಿಪಿ ಬಿಡಿ ಅಂತೀನಿ. ಐಕಾನ್ ಚಿಕ್ಕದಿದ್ರೂ ಪರ್ವಾಗಿಲ್ಲ, ಅದ್ರ ಸುತ್ತ ಒತ್ತಿದ್ರೆ ತಗೊಳ್ಳೋ ಜಾಗ ದೊಡ್ಡದಿರ್ಬೇಕು.

ಇನ್ನು ಜಾಗ. 2013ರಲ್ಲಿ ಸ್ಟೀವನ್ ಹೂಬರ್ ಅನ್ನೋರು ರಸ್ತೆ, ಬಸ್ಸು, ಕೆಫೇಲಿ ಫೋನ್ ಹಿಡಿದಿದ್ದ 1,333 ಜನರನ್ನ ಸುಮ್ನೆ ಗಮನಿಸಿ ಬರ್ಕೊಂಡ್ರು, ಅದ್ರಲ್ಲಿ ಸ್ಕ್ರೀನ್ ಮುಟ್ಟಿ ಕೆಲಸ ಮಾಡ್ತಿದ್ದ 780 ಜನರಲ್ಲಿ 49 ಪರ್ಸೆಂಟ್ ಒಂದೇ ಕೈಲಿ ಹಿಡಿದು ಬಳಸ್ತಿದ್ರು. ಆಗಿನ ಫೋನು ಚಿಕ್ಕದು, ಈಗಿನದ್ದು ಆರೂವರೆ ಇಂಚು, ಹೆಬ್ಬೆರಳು ಮೇಲಿನ ಮೂಲೆಗೆ ಎಟುಕೋದೇ ಇಲ್ಲ. ಹಂಗಾಗಿ ಸೇವ್ ಬಟನ್ ಕೆಳಗೆ, ಅಗಲಕ್ಕೆ. ಅಪಾಯದ ಬಟನ್, ಅಂದ್ರೆ ಅಳಿಸೋದು, ದುಡ್ಡು ಕೊಟ್ಟಾಯ್ತು ಅನ್ನೋದು, ಬೇಕಂತಲೇ ಸ್ವಲ್ಪ ದೂರ. ಸೇವ್ ಪಕ್ಕದಲ್ಲೇ ಡಿಲೀಟ್ ಇಟ್ಟಿರೋ ಆ್ಯಪ್ ನೋಡಿದ್ರೆ ನಂಗೆ ಮೈ ಉರಿಯತ್ತೆ.

ಒದ್ದೆ ಕೈ ವಿಷಯ. ಈಗಿನ ಟಚ್ ಸ್ಕ್ರೀನ್ ಬೆರಳಿನ ವಿದ್ಯುತ್ ಗುಣ ನೋಡಿ ಕೆಲಸ ಮಾಡತ್ತೆ, ನೀರಿನ ಹನಿಗೂ ಅದೇ ಗುಣ ಇರೋದ್ರಿಂದ ಹನಿ ಬಿದ್ದ ಕಡೆ ಒತ್ತಿದ ಹಾಗೆ ಆಗತ್ತೆ, ಒತ್ತಿದ್ದು ಬೇರೆ ಕಡೆ ಹೋಗತ್ತೆ, ಎಳೆದಿದ್ದು ಅರ್ಧಕ್ಕೇ ನಿಲ್ಲತ್ತೆ. ಇದನ್ನ ನೀವು ಸಾಫ್ಟ್‌ವೇರಲ್ಲಿ ಸರಿ ಮಾಡೋಕೆ ಆಗಲ್ಲ, ಆದ್ರೆ ಡಿಸೈನಲ್ಲಿ ತಪ್ಪಿಸ್ಕೊಬಹುದು. ಸ್ವೈಪ್ ಮಾಡಿದ್ರೆ ಮಾತ್ರ ಆಗೋ ಕೆಲಸ ಒಂದೂ ಇಡ್ಬೇಡಿ, ಅದೇ ಕೆಲಸಕ್ಕೆ ಕಾಣೋ ಬಟನ್ ಒಂದಿರ್ಲಿ. ಒತ್ತಿ ಹಿಡಿಯೋದು, ಎರಡು ಬೆರಳಲ್ಲಿ ಹಿಗ್ಗಿಸೋದು, ಸ್ಲೈಡರ್ ಎಳೆದು ತೂಕ ಹೊಂದಿಸೋದು ಇವೆಲ್ಲ ಬೇಡ. ತೂಕಕ್ಕೆ ನಂಬರ್ ಕೀಬೋರ್ಡೇ ತೆಗೀರಿ, ಅಕ್ಷರದ ಕೀಬೋರ್ಡ್ ತೆಗೆದು ಮೇಲಿನ ಸಣ್ಣ ಅಂಕಿ ಹುಡುಕ್ಸೋದು ಪಾಪದ ಕೆಲಸ. ಆ್ಯಂಡ್ರಾಯ್ಡ್ 10 ಆದ್ಮೇಲೆ ಪರದೆಯ ಅಂಚಿಂದ ಎಳೆದ್ರೆ ಹಿಂದಕ್ಕೆ ಹೋಗೋ ಗೆಸ್ಚರ್ ಬಂದಿದೆ, ಅಂಚಿಗೆ ತಾಗಿ ಮೆನು ಇಟ್ರೆ ಎರಡೂ ಜಗಳ ಆಡ್ತವೆ. ಫಿಂಗರ್‌ಪ್ರಿಂಟ್ ಲಾಕ್ ಇಟ್ಟಿದ್ರೆ ಪಿನ್ ದಾರೀನೂ ಇರ್ಲಿ, ಕರೆ ಹಿಡಿದ, ಸವೆದ ಬೆರಳನ್ನ ಸೆನ್ಸರ್ ಗುರುತು ಹಿಡಿಯೋದು ಕಷ್ಟ.

ಹಂತ 5: ಕಣ್ಣಿಗೆ, ಅದ್ರಲ್ಲೂ ಕನ್ನಡ ಓದೋ ಕಣ್ಣಿಗೆ

ಇಂಗ್ಲಿಷಿಗೆ ಮಾಡಿದ ಡಿಸೈನಲ್ಲಿ ಕನ್ನಡ ತುಂಬಿದ್ರೆ ಏನಾಗತ್ತೆ ಅಂತ ಗೊತ್ತಲ್ಲ, ಒತ್ತಕ್ಷರದ ಬಾಲ ಕತ್ತರಿಸಿ ಹೋಗಿರತ್ತೆ, ಇಲ್ಲ ಕೆಳಗಿನ ಸಾಲಿನ ಗುಡಿಸಿಗೆ ತಾಗಿರತ್ತೆ. ನಮ್ಮ ಲಿಪಿ ಮೇಲಕ್ಕೂ ಕೆಳಕ್ಕೂ ಬೆಳೆಯತ್ತೆ, ಅದಕ್ಕೆ ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟಾದ್ರೂ ಇರ್ಲಿ. ಟೆಸ್ಟ್ ಮಾಡೋಕೆ ‘ಅಡಿಕೆ’ ಅಂತ ಹಾಕಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣತ್ತೆ, ‘ತೀರ್ಥಹಳ್ಳಿ’, ‘ರಾಷ್ಟ್ರೀಯ ಹೆದ್ದಾರಿ’, ‘ಸ್ತ್ರೀಶಕ್ತಿ ಸಂಘ’ ಅಂತ ಹಾಕಿ, ಎರಡೆರಡು ಸಾಲು ಬರೋ ಹಾಗೆ. ಫಾಂಟ್ ಯಾವುದು ಅಂತ ತಲೆ ಕೆಡಿಸ್ಕೊಳ್ಳೋದು ಬೇಡ, ನೋಟೋ ಸಾನ್ಸ್ ಕನ್ನಡ ಪುಕ್ಕಟೆ ಸಿಗತ್ತೆ, ಚೆನ್ನಾಗೂ ಇದೆ. ಅಕ್ಷರದ ಮಧ್ಯ ಜಾಗ ಜಾಸ್ತಿ ಮಾಡೋ ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಮುಟ್ಟಿಸ್ಬೇಡಿ.

ಅಕ್ಷರದ ಅಳತೆ 16 ಎಸ್‌ಪಿಗಿಂತ (ಆ್ಯಂಡ್ರಾಯ್ಡಲ್ಲಿ ಅಕ್ಷರಕ್ಕಿರೋ ಅಳತೆ) ಕಮ್ಮಿ ಬೇಡ, ತೂಕ ಮತ್ತು ದುಡ್ಡಿನ ಅಂಕಿ ಅದ್ರ ಎರಡರಷ್ಟಾದ್ರೂ ಆಗ್ಲಿ. ಅಳತೆ ಕೊಡೋದು ಎಸ್‌ಪಿಯಲ್ಲೇ, ಡಿಪಿಯಲ್ಲಿ ಅಲ್ಲ, ಯಾಕಂದ್ರೆ ಫೋನ್ ಸೆಟ್ಟಿಂಗಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡೋರಿಗೆ ಎಸ್‌ಪಿ ಮಾತ್ರ ಬೆಳೆಯತ್ತೆ. ಆ್ಯಂಡ್ರಾಯ್ಡ್ 14ರಲ್ಲಿ 200 ಪರ್ಸೆಂಟ್ ತನಕ ದೊಡ್ಡದು ಮಾಡಬಹುದು, ಅಷ್ಟಕ್ಕೆ ಇಟ್ಟು ನಿಮ್ಮ ಆ್ಯಪ್ ತೆಗೀರಿ. ಬಟನ್ ಮೇಲಿನ ಬರಹ ಎರಡು ಸಾಲಿಗೆ ಇಳಿಯೋಕೆ ಬಿಡಿ, ಮೂರು ಚುಕ್ಕಿ ಹಾಕಿ ಕತ್ತರಿಸಿದ್ರೆ ಓದೋರು ಊಹೆ ಮಾಡ್ಬೇಕಾಗತ್ತೆ.

ಬಣ್ಣ. ಬಿಳಿ ಮೇಲೆ ತಿಳಿ ಬೂದು ಅಕ್ಷರ ಬರೆಯೋ ಫ್ಯಾಷನ್ ಒಂದಿದೆ. #999999 ಅನ್ನೋ ಕೋಡಿನ ಬೂದು ಬಿಳಿ ಮೇಲೆ ಹಾಕಿದ್ರೆ ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ವ್ಯತ್ಯಾಸದ ಅನುಪಾತ, 2.85 ಮಾತ್ರ, ಸಾಮಾನ್ಯ ಅಕ್ಷರಕ್ಕೆ ಬೇಕಾಗಿರೋದು ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3. ಅಂಗಳದ ಬಿಸಿಲಲ್ಲಿ, ಅಡಿಕೆ ಹರವೋ ಹೊತ್ತಲ್ಲಿ ಬ್ರೈಟ್‌ನೆಸ್ ಪೂರ್ತಿ ಇಟ್ರೂ ಆ ಬೂದು ಕಾಣೋದಿಲ್ಲ. ಇನ್ನೊಂದು, ಗಂಡಸರಲ್ಲಿ ಹೆಚ್ಚುಕಮ್ಮಿ ಹನ್ನೆರಡರಲ್ಲಿ ಒಬ್ಬರಿಗೆ ಕೆಂಪು ಹಸಿರು ಬೇರೆ ಮಾಡೋದು ಕಷ್ಟ ಅಂತ ಹೇಳ್ತಾರೆ. ಇದು ಭಾರತದಲ್ಲಿ ಸ್ವಲ್ಪ ಕಮ್ಮಿ ಇರಬಹುದು, ಆದ್ರೂ ಬಾಕಿ ಇದ್ರೆ ಕೆಂಪು, ಕೊಟ್ಟಾಗಿದ್ರೆ ಹಸಿರು ಅಂತ ಬರೀ ಬಣ್ಣದಲ್ಲಿ ಹೇಳ್ಬೇಡಿ, ‘ಬಾಕಿ ₹840’ ಅಂತ ಬರೆದೇ ತೋರಿಸಿ. ಲಕ್ಷದ ಅಲ್ಪವಿರಾಮಾನೂ ನಮ್ಮ ಲೆಕ್ಕದ ಹಾಗೇ ಬರ್ಲಿ, 1,25,000. 125,000 ಅಂತ ಬರ್ದ್ರೆ ಅಜ್ಜ ಒಂದು ಕ್ಷಣ ನಿಂತು ಎಣಿಸ್ತಾರೆ.

ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಆನ್ ಮಾಡಿ ಕಣ್ಮುಚ್ಚಿ ಒಂದು ಎಂಟ್ರಿ ಮಾಡೋಕೆ ಪ್ರಯತ್ನ ಪಡಿ. ಹೆಸರಿಲ್ಲದ ಐಕಾನುಗಳೆಲ್ಲ ‘ಬಟನ್, ಬಟನ್, ಬಟನ್’ ಅಂತ ಕೂಗ್ತಿದ್ರೆ ಪ್ರತಿಯೊಂದಕ್ಕೂ ವಿವರಣೆ ಬರೆಯೋ ಕೆಲಸ ಬಾಕಿ ಇದೆ ಅಂತ.

ಹಂತ 6: ನೆಟ್‌ವರ್ಕ್ ಇಲ್ಲ ಅಂತಲೇ ಶುರು ಮಾಡಿ

ಹೊಸನಗರ, ಸಾಗರದ ಒಳಭಾಗ, ಶರಾವತಿ ಹಿನ್ನೀರಿನ ಆಚೆ ಕಡೆ, ಇಲ್ಲೆಲ್ಲ ‘ನೆಟ್‌ವರ್ಕ್ ಸಿಗೋ ಮರ’ ಅಂತ ಒಂದು ಇರತ್ತೆ, ಅಲ್ಲಿಗೆ ಹೋಗಿ ನಿಂತು ಮಾತಾಡೋದು. ಹಂಗಾಗಿ ಡೇಟಾ ಮೊದ್ಲು ಫೋನಲ್ಲೇ ಸೇವ್ ಆಗ್ಬೇಕು, ಸರ್ವರಿಗೆ ಹೋಗೋದು ಎರಡನೇ ಮಾತು. ಆ್ಯಂಡ್ರಾಯ್ಡಲ್ಲಿ ಫೋನಲ್ಲೇ ಡೇಟಾ ಇಡೋ ರೂಮ್ ಅನ್ನೋ ಲೈಬ್ರರೀಲಿ ಇಟ್ಟು, ಸಿಗ್ನಲ್ ಬಂದಾಗ ವರ್ಕ್‌ಮ್ಯಾನೇಜರ್ ಅನ್ನೋ ಇನ್ನೊಂದು ಲೈಬ್ರರಿ ಕಳ್ಸೋ ಹಾಗೆ ಮಾಡಿದ್ರೆ ಮುಕ್ಕಾಲು ತೊಂದ್ರೆ ಹೋಯ್ತು. ಉಳಿದ ಕಾಲು ಭಾಗದಲ್ಲಿ ದೊಡ್ಡದು ಇದು: ಅರೆಬರೆ ಸಿಗ್ನಲಲ್ಲಿ ಎಂಟ್ರಿ ಸರ್ವರಿಗೆ ಹೋಗಿರತ್ತೆ, ‘ಬಂತು’ ಅನ್ನೋ ಉತ್ತರ ಮಾತ್ರ ವಾಪಸ್ ಬಂದಿರಲ್ಲ, ಫೋನ್ ಇನ್ನೊಂದ್ ಸಲ ಕಳ್ಸತ್ತೆ, ಸುಲಿಯೋಕೆ ಬಂದ ಸರೋಜಕ್ಕನ 22 ಕೆಜಿ 44 ಆಗತ್ತೆ. ಪ್ರತೀ ಎಂಟ್ರಿಗೂ ಫೋನಲ್ಲೇ ಒಂದು ಬೇರೆ ಐಡಿ ಹುಟ್ಟಿಸಿ, ಅದೇ ಐಡಿ ಎರಡನೇ ಸಲ ಬಂದ್ರೆ ಸರ್ವರ್ ಸುಮ್ನಿರ್ಲಿ. ಇದು ಬ್ಯಾಕೆಂಡಿನ ಮಾತು ಅನ್ಸಬಹುದು, ಆದ್ರೆ ಕೂಲಿ ಲೆಕ್ಕ ತಪ್ಪಿದ್ರೆ ಅದಕ್ಕಿಂತ ಕೆಟ್ಟ ಯೂಸಬಿಲಿಟಿ ಯಾವುದಿದೆ?

ಏನಾಗ್ತಿದೆ ಅಂತ ಬಳಸೋರಿಗೆ ಗೊತ್ತಿರ್ಬೇಕು ಅನ್ನೋದು ನೀಲ್ಸನ್ನರ ಮೊದಲನೇ ತತ್ವ. ನಮ್ಮ ಕಡೆ ಅದು ಮೂರು ಸ್ಥಿತಿ: ಫೋನಲ್ಲಿ ಸೇವ್ ಆಗಿದೆ, ಕಳ್ಸೋದು ಬಾಕಿ, ಕಳ್ಸಿ ಆಯ್ತು. ಎಂಟ್ರಿ ಪಕ್ಕದಲ್ಲೇ ಸಣ್ಣದಾಗಿ ಬರೆದಿರ್ಲಿ. ಹೊತ್ತಿನ ಲೆಕ್ಕಾನೂ ಇದೆ: 0.1 ಸೆಕೆಂಡ್ ಒಳಗೆ ಆದ್ರೆ ಒತ್ತಿದ ಕೂಡ್ಲೇ ಆಯ್ತು ಅನ್ಸತ್ತೆ, 1 ಸೆಕೆಂಡ್ ತನಕ ತಡ ಆಗಿದ್ದು ಗೊತ್ತಾದ್ರೂ ಯೋಚನೆ ಕಡಿಯಲ್ಲ, 10 ಸೆಕೆಂಡ್ ದಾಟಿದ್ರೆ ಗಮನ ಬೇರೆ ಕಡೆ ಹೋಗತ್ತೆ. ಫೋನಲ್ಲೇ ಸೇವ್ ಮಾಡೋದ್ರಿಂದ ನಿಮಗೆ ಮೊದಲನೇದು ಪುಕ್ಕಟೆ ಸಿಗತ್ತೆ.

ಲಾಗಿನ್ ಬಗ್ಗೆ ಒಂದು ಮಾತು. ಮೊದಲ ಪರದೇಲೇ ಒಟಿಪಿ ಕೇಳೋ ಆ್ಯಪ್ ಗುಡ್ಡದ ಮನೇಲಿ ಅಲ್ಲಿಗೇ ಮುಗೀತು. ಎಸ್ಎಂಎಸ್ ಬರೋದು ಮರದ ಹತ್ರ, ಅಲ್ಲಿಂದ ಮನೆಗೆ ಬರೋಷ್ಟರಲ್ಲಿ ಒಟಿಪಿ ಸತ್ತಿರತ್ತೆ. ಲೆಕ್ಕ ಬರೆಯೋಕೆ ಲಾಗಿನ್ ಬೇಕಾಗೇ ಇಲ್ಲ, ಬ್ಯಾಕಪ್ ಬೇಕು ಅಂದಾಗ ಕೇಳಿ. ಪರ್ಮಿಷನ್ನೂ ಹಂಗೇ, ಬೇಕಾದಾಗ, ಯಾಕೆ ಅಂತ ಹೇಳಿ ಕೇಳಿ. ಸುಲಿತದ ಲೆಕ್ಕಕ್ಕೆ ಕಾಂಟ್ಯಾಕ್ಟ್ಸು, ಲೊಕೇಶನ್ನು ಎರಡೂ ಬೇಡ.

ಟೆಸ್ಟಿಗೆ ಏರೋಪ್ಲೇನ್ ಮೋಡ್ ಹಾಕಿ ಒಂದು ಸಂಜೆ ಪೂರ್ತಿ ಆ್ಯಪ್ ಬಳಸಿ. ಆಮೇಲೆ ಡೆವಲಪರ್ ಆಪ್ಷನ್ಸಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ (ಸ್ಕ್ರೀನ್ ಬಿಟ್ಟ ಕೂಡ್ಲೇ ಅದನ್ನ ಮುಚ್ಚೋ ಸೆಟ್ಟಿಂಗು) ಆನ್ ಮಾಡಿ, ತೂಕ ಅರ್ಧ ಟೈಪ್ ಮಾಡಿದಾಗ ಫೋನ್ ಕಾಲ್ ಬಂದ ಹಾಗೆ ಬೇರೆ ಆ್ಯಪಿಗೆ ಹೋಗಿ ವಾಪಸ್ ಬನ್ನಿ. ಟೈಪ್ ಮಾಡಿದ್ದು ಇಲ್ದಿದ್ರೆ ಕಮ್ಮಿ ರ‍್ಯಾಮಿನ ಫೋನಲ್ಲಿ ದಿನಾ ಇದೇ ಕಥೆ.

ಹಂತ 7: ತಪ್ಪು ಆಗೇ ಆಗತ್ತೆ

45 ಒತ್ತೋಕೆ ಹೋಗಿ 455 ಆಗತ್ತೆ. ‘ಅಮಾನ್ಯ ಮೌಲ್ಯ’ ಅಂತ ಕೆಂಪಗೆ ತೋರ್ಸಿದ್ರೆ ಏನು ಮಾಡ್ಬೇಕು ಅಂತ ಯಾರಿಗೂ ಗೊತ್ತಾಗಲ್ಲ. ‘455 ಕೆಜಿ ಅಂತ ಹಾಕಿದ್ದೀರಿ, ಒಬ್ರು ಒಂದು ರಾತ್ರಿಗೆ ಇಷ್ಟು ಸುಲಿಯೋದು ಕಷ್ಟ. ಸರಿ ಇದೆಯಾ?’ ಅಂತ ಕೇಳಿ, ತಿದ್ದೋಕೂ ಬಿಡಿ, ಹಾಗೇ ಇಡೋಕೂ ಬಿಡಿ. ಬೈಯೋ ಧಾಟಿ ಬೇಡ.

ಪ್ರತಿಯೊಂದಕ್ಕೂ ‘ಖಚಿತವಾ?’ ಅಂತ ಕೇಳಿದ್ರೆ ಜನ ಓದದೇನೇ ಹೌದು ಒತ್ತೋಕೆ ಶುರು ಮಾಡ್ತಾರೆ, ಅದಕ್ಕೆ ಕೇಳೋ ಬದ್ಲು ವಾಪಸ್ ತಗೊಳ್ಳೋ ದಾರಿ ಕೊಡಿ. ಕೆಳಗಡೆ ನಾಕು ಸೆಕೆಂಡ್ ಬಂದು ಮಾಯ ಆಗೋ ‘ಅನ್‌ಡು’ ಪಟ್ಟಿ ಸಾಲಲ್ಲ, ಕನ್ನಡಕ ಹುಡ್ಕೋಷ್ಟರಲ್ಲಿ ಅದು ಹೋಗಿರತ್ತೆ. ಅಳಿಸಿದ್ದು ಒಂದು ತಿಂಗ್ಳಾದ್ರೂ ಎಲ್ಲೋ ಒಂದು ಕಡೆ ಇರ್ಲಿ, ಅಲ್ಲಿಂದ ವಾಪಸ್ ತರೋ ಹಾಗಿರ್ಲಿ. ತಿದ್ದಿದ ಎಂಟ್ರಿ ಪಕ್ಕ ಹಳೇ ಅಂಕೀನೂ ಕಾಣ್ಲಿ, ಕೂಲಿಯವರ ಮುಂದೆ ಲೆಕ್ಕ ಇಡೋ ಆ್ಯಪಿಗೆ ಅದು ಬೇಕೇ ಬೇಕು, ಇಲ್ಲಾಂದ್ರೆ ನಂಬಿಕೆ ಹೋಗತ್ತೆ. ಮುಂದೆ ಯುಪಿಐ ಪಾವತಿ ಸೇರಿಸೋದಾದ್ರೆ ಅದಕ್ಕೆ ಆಯ್ತು, ಆಗಿಲ್ಲ ಅನ್ನೋ ಎರಡೇ ಉತ್ತರ ಅಲ್ಲ, ಪೆಂಡಿಂಗ್ ಅನ್ನೋ ಮೂರನೇದೂ ಇದೆ. ಆಗ ‘ಮತ್ತೆ ಪ್ರಯತ್ನಿಸಿ’ ಅಂತ ದೊಡ್ಡ ಬಟನ್ ತೋರಿಸಿದ್ರೆ ದುಡ್ಡು ಎರಡು ಸಲ ಹೋಗತ್ತೆ.

ಹಂತ 8: ಪರದೆ ಮೇಲಿನ ಮಾತು

ಮನೇಲಿ ಏನಂತಾರೋ ಅದನ್ನೇ ಬರೀರಿ, ಸರ್ಕಾರಿ ಫಾರಂ ಭಾಷೆ ಬೇಡ. ಮಾರಾಟದ ಸ್ಕ್ರೀನ್ ಮಾಡಿದ್ರೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತಲೇ ಇರ್ಲಿ, ‘ದರ್ಜೆ 1, ದರ್ಜೆ 2’ ಅಂತ ಹೊಸದು ಹುಟ್ಟಿಸ್ಬೇಡಿ, ಧಾರಣೆ ಕ್ವಿಂಟಲಿಗೇ ತೋರಿಸಿ. ಐಕಾನ್ ಇದ್ರೆ ಪಕ್ಕದಲ್ಲಿ ಬರಹಾನೂ ಇರ್ಲಿ. ಭಾಷೆ ಬದಲಾಯಿಸೋ ಬಟನ್ ಸೆಟ್ಟಿಂಗ್ಸಿನ ಆಳದಲ್ಲಿ ಹೂತಿಡ್ಬೇಡಿ, ಫೋನ್ ಇಂಗ್ಲಿಷಲ್ಲಿಟ್ಟು ಆ್ಯಪ್ ಮಾತ್ರ ಕನ್ನಡದಲ್ಲಿ ಬೇಕು ಅನ್ನೋರು ಬಾಳ ಜನ, ಆ್ಯಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪಿಗೆ ಬೇರೆ ಭಾಷೆ ಇಡೋ ಸೌಲಭ್ಯ ಸಿಸ್ಟಮ್ಮಲ್ಲೇ ಇದೆ.

ಹಂತ 9: ಮೊದ್ಲು ನೀವೇ ಕೊಂಕು ಹುಡುಕಿ, ಆಮೇಲೆ ಐದು ಜನ

ಆ್ಯಪ್ ಒಂದು ಮಟ್ಟಕ್ಕೆ ಬಂದ್ಮೇಲೆ ಮೂರರಿಂದ ಐದು ಜನ ಗೆಳೆಯರು ಬೇರೆ ಬೇರೆ ಕೂತು, ನೀಲ್ಸನ್ನರ ಹತ್ತೂ ತತ್ವ ಪಕ್ಕದಲ್ಲಿಟ್ಕೊಂಡು ಪ್ರತೀ ಸ್ಕ್ರೀನ್ ನೋಡಿ ತೊಂದ್ರೆ ಬರೀಲಿ, ಒಂದೊಂದಕ್ಕೂ 0 ರಿಂದ 4ರ ತನಕ ತೀವ್ರತೆ ಅಂಕ ಕೊಡ್ಲಿ, 0 ಅಂದ್ರೆ ತೊಂದ್ರೇನೇ ಅಲ್ಲ, 4 ಅಂದ್ರೆ ಇದನ್ನ ಸರಿ ಮಾಡ್ದೆ ಬಿಡುಗಡೆ ಮಾಡೋ ಹಾಗಿಲ್ಲ. ಮುಂಚೇನೇ ಒಟ್ಟಿಗೆ ಕೂತು ಚರ್ಚೆ ಮಾಡಿದ್ರೆ ಜೋರು ಬಾಯಿಯವನ ಅಭಿಪ್ರಾಯಾನೇ ಎಲ್ಲರದ್ದೂ ಆಗತ್ತೆ, ಅದಕ್ಕೆ ಬೇರೆ ಬೇರೆ.

ಆಮೇಲೆ ನಿಜವಾದ ಬಳಕೆದಾರರು. ಐದು ಜನ ಸಾಕು ಅನ್ನೋ ಮಾತು ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕದಿಂದ ಬಂದಿದ್ದು: ಒಬ್ಬರನ್ನ ಕೂರಿಸಿದ್ರೆ ಸರಾಸರಿ 31 ಪರ್ಸೆಂಟ್ ತೊಂದ್ರೆ ಹೊರಗೆ ಬರತ್ತೆ, ಐದನೇಯವರ ಹೊತ್ತಿಗೆ ಹತ್ರ ಹತ್ರ 85. ಆದ್ರೆ ಆ 31 ಅನ್ನೋದು ಅವ್ರು ನೋಡಿದ ಪ್ರಾಜೆಕ್ಟುಗಳ ಸರಾಸರಿ, ನಿಮ್ಮದ್ದು ಬೇರೆ ಇರಬಹುದು, ಜೊತೆಗೆ ಐದೂ ಜನ ಒಂದೇ ಥರದವರು ಅಂತ ಇಟ್ಕೊಂಡ ಲೆಕ್ಕ. ಲೆಕ್ಕ ಬರೆಯೋರು ಬೇರೆ, ತಮ್ಮ ಲೆಕ್ಕ ನೋಡ್ಕೊಳ್ಳೋಕೆ ಬರೋ ಸುಲಿಯೋರು ಬೇರೆ. ಎರಡೂ ಕಡೆಯಿಂದ ಮೂರ್ನಾಲ್ಕು ಜನ ಕರೀರಿ. ಐದು ಜನರಿಂದ ತೊಂದ್ರೆ ಹುಡುಕಿ, ತಿದ್ದಿ, ಮತ್ತೆ ಐದು ಜನರನ್ನ ಕರೆಯೋದು ಹದಿನೈದು ಜನರನ್ನ ಒಂದೇ ಸಲ ಕರೆಯೋದಕ್ಕಿಂತ ಎಷ್ಟೋ ಒಳ್ಳೇದು.

ಕೂರಿಸ್ಕೊಂಡಾಗ ಮೊದಲ ಮಾತು: ‘ಅಮ್ಮಾ, ಇದು ನಿಮ್ಮ ಪರೀಕ್ಷೆ ಅಲ್ಲ, ಈ ಆ್ಯಪಿನ ಪರೀಕ್ಷೆ. ಎಲ್ಲಿ ಸಿಕ್ಕಾಕ್ಕೊಂಡ್ರೂ ತಪ್ಪು ನಮ್ಮದೇ.’ ಕೆಲಸ ಹೇಳೋವಾಗ ಬಟನ್ ಮೇಲಿರೋ ಪದ ಬಾಯಿಗೆ ಬರಬಾರ್ದು. ‘ಹೊಸ ಎಂಟ್ರಿ ಸೇರಿಸಿ’ ಅಂದ್ರೆ ಅವ್ರು ಆ ಪದ ಹುಡುಕ್ತಾರೆ ಅಷ್ಟೇ. ‘ನಿನ್ನೆ ರಾತ್ರಿ ಸರೋಜಕ್ಕ 22 ಕೆಜಿ ಸುಲಿದ್ರು, ಬರೆಯೋದು ಮರೆತು ಹೋಗಿತ್ತು, ಈಗ ಬರ್ಕೊಳ್ಳಿ’ ಅನ್ನಿ. ನಿನ್ನೆ ಅಂತ ಹೇಳಿದ್ರಿಂದ ತಾರೀಕು ಬದಲಾಯಿಸೋದು ಸಿಗತ್ತಾ ಇಲ್ವಾ ಅಂತಾನೂ ಗೊತ್ತಾಯ್ತು.

ಆಮೇಲೆ ಬಾಯಿ ಮುಚ್ಕೊಂಡು ಕೂರೋದು. ಇದೇ ಕಷ್ಟದ ಕೆಲಸ. ಅವ್ರು ತಡಕಾಡ್ತಿರ್ತಾರೆ, ನಿಮ್ಮ ಕೈ ತುರಿಸತ್ತೆ, ‘ಅಲ್ಲಿ ಕೆಳಗೆ’ ಅಂತ ಹೇಳೋಕೆ ನಾಲಿಗೆ ತುದೀಲಿ ಬಂದಿರತ್ತೆ. ಹೇಳ್ಬೇಡಿ. ‘ಇದು ಒತ್ತಲಾ ತಮ್ಮಾ?’ ಅಂತ ಕೇಳಿದ್ರೆ ‘ಒತ್ತಿದ್ರೆ ಏನಾಗಬಹುದು ಅನ್ಸತ್ತೆ ನಿಮಗೆ?’ ಅಂತ ವಾಪಸ್ ಕೇಳಿ. ನಮ್ಮ ಕಡೆ ಇನ್ನೊಂದು ತೊಂದ್ರೆ ಇದೆ, ದಾಕ್ಷಿಣ್ಯ. ಮನೆಗೆ ಬಂದ ಹುಡುಗನ ಮನಸ್ಸು ನೋಯಿಸಬಾರ್ದು ಅಂತ ಎಲ್ರೂ ‘ಬಾಳ ಚಲೋ ಮಾಡಿದ್ದೀಯಪ್ಪ’ ಅಂತಲೇ ಹೇಳೋದು, ಕಾಫಿ ಜೊತೆ ಕೋಡಬಳೇನೂ ಬರತ್ತೆ. ಆ ಮಾತನ್ನ ಬರ್ಕೋಬೇಡಿ, ಬೆರಳು ಎಲ್ಲಿ ನಿಂತ್ತು, ಎಲ್ಲಿ ಎರಡು ಸಲ ಒತ್ತಿದ್ರು, ಎಲ್ಲಿ ಫೋನನ್ನ ಕಣ್ಣ ಹತ್ರ ತಂದ್ರು ಅದನ್ನ ಬರ್ಕೊಳ್ಳಿ. ಕೊನೇ ಕೆಲಸ ಒದ್ದೆ ಕೈಲಿ ಮಾಡ್ಸಿ.

ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅನ್ನೋ ಹತ್ತು ಪ್ರಶ್ನೆಯ ಅಳತೆ ಇದೆ, ನೂರಕ್ಕೆ ಸರಾಸರಿ ಅಂಕ 68 ಅಂತ ಹೇಳ್ತಾರೆ, ಅದು ಪರ್ಸೆಂಟೇಜ್ ಅಲ್ಲ. ದೊಡ್ಡ ಗುಂಪಿಗೆ ಒಳ್ಳೇದೇ. ನಮ್ಮ ಐದು ಜನಕ್ಕೆ ಅದಕ್ಕಿಂತ ಕೆಲಸ ಮುಗೀತಾ, ಎಷ್ಟು ಸೆಕೆಂಡ್ ಹಿಡೀತು, ಎಷ್ಟು ಸಲ ತಪ್ಪಾಯ್ತು ಅನ್ನೋ ಮೂರು ಅಂಕೀನೇ ಉಪಯೋಗ.

ಹಂತ 10: ಬಿಡುಗಡೆ, ಮತ್ತೆ ಸುಮ್ನಿರೋದು

ಪ್ಲೇ ಸ್ಟೋರಲ್ಲಿ ಅಪ್‌ಡೇಟನ್ನ ಎಲ್ಲರಿಗೂ ಒಂದೇ ಸಲ ಬಿಡ್ಬೇಡಿ, ಡೆವಲಪರ್‌ಗಳಿಗೆ ಇರೋ ಪ್ಲೇ ಕನ್ಸೋಲಲ್ಲಿ ಅಪ್‌ಡೇಟಿಗೆ ಸ್ಟೇಜ್ಡ್ ರೋಲೌಟ್ ಅಂತ ಇದೆ, ಸ್ವಲ್ಪ ಜನಕ್ಕೆ ಮೊದ್ಲು ಹೋಗತ್ತೆ, ಅಲ್ಲೇ ವೈಟಲ್ಸ್ ಅನ್ನೋ ಭಾಗದಲ್ಲಿ ಆ್ಯಪ್ ಎಲ್ಲಿ ಹ್ಯಾಂಗ್ ಆಗ್ತಿದೆ, ಎಲ್ಲಿ ಬೀಳ್ತಿದೆ ಅಂತ ಫೋನ್ ಮಾಡೆಲ್ ಸಮೇತ ಕಾಣತ್ತೆ. ಹಳೇ, ಅಗ್ಗದ ಫೋನುಗಳ ಸಾಲನ್ನ ಮೊದ್ಲು ನೋಡಿ. ಆ್ಯಪಿನ ಸೈಜೂ ಕಮ್ಮಿ ಇರ್ಲಿ, ಸ್ಟೋರೇಜ್ ಫುಲ್ ಆದಾಗ ಮೊದ್ಲು ಡಿಲೀಟ್ ಆಗೋದು ಮೊಮ್ಮಗಳ ಫೋಟೋ ಅಲ್ಲ, ನಿಮ್ಮ ಆ್ಯಪ್.

ಅಪ್‌ಡೇಟ್ ಹೊತ್ತು ಅಡಿಕೆ ನೋಡ್ಕೊಂಡು ಇಟ್ಕೊಳ್ಳಿ. ಬಟನ್ ಜಾಗ ಬದಲಾಯಿಸೋದು, ಹೊಸ ಮೆನು ತರೋದು ಏನೇ ಇದ್ರೂ ಕೊಯ್ಲು ಶುರು ಆಗೋ ಮುಂಚೆ, ಮಳೆಗಾಲದಲ್ಲೇ ಮುಗಿಸಿ. ಸುಲಿತ ಶುರು ಆದ್ಮೇಲೆ ಲೆಕ್ಕ ತಪ್ಪಿಸೋ ಬಗ್ ಬಿಟ್ಟು ಬೇರೇನೂ ಮುಟ್ಟೋದು ಬೇಡ, ಆ ಹೊತ್ತಿಗೆ ಸೇವ್ ಬಟನ್ ಎಲ್ಲಿದೆ ಅಂತ ಹೆಬ್ಬೆರಳಿಗೆ ನೋಡ್ದೇನೇ ಗೊತ್ತಾಗಿರತ್ತೆ. ಸೀಸನ್ ಮುಗಿದು ಎಲ್ಲರ ದುಡ್ಡೂ ಚುಕ್ತಾ ಆದ್ಮೇಲೆ ಒಂದು ಭಾನುವಾರ ಹೋಗಿ, ಆ್ಯಪಿಂದ ತೆಗೆದ ಒಟ್ಟು ಲೆಕ್ಕಾನೂ ಅವ್ರು ನಿಜವಾಗಿ ಕೊಟ್ಟ ದುಡ್ಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ವ್ಯತ್ಯಾಸ ಬಂದ ಪ್ರತೀ ಸಾಲಿಗೂ ಆವತ್ತು ಏನಾಗಿತ್ತು ಅಂತ ಬರೆದೋರನ್ನೇ ಕೇಳಿ ತಿಳ್ಕೊಳ್ಳಿ, ಮುಂದಿನ ವರ್ಷ ಮೊದ್ಲು ಮಾಡ್ಬೇಕಾದ ಕೆಲಸದ ಪಟ್ಟಿ ಅದೇ.